ಏಜೆನ್ಸಿ ಕಳಿಸಿದ ‘ಆಪ್ಟ್ ಔಟ್’ ಪತ್ರಕ್ಕೆ ಸಹಿ ಮಾಡಬೇಕೇ?

ಪ್ರಶ್ನೆ: ಮಾನ್ಯರೇ, ನಾನು ಇಂಗ್ಲೆಂಡಿನಲ್ಲಿ ನನ್ನದೇ ಲಿಮಿಟೆಡ್ ಕಂಪನಿಯ ಮೂಲಕ ಸಾಫ್ಟ್‌ವೇರ್ ಗುತ್ತಿಗೆ ಕೆಲಸ ಮಾಡುತ್ತೇನೆ. ಹೊಸ ಕ್ಲೈಂಟ್‌ನ ಸಂದರ್ಶನ ಮುಗಿದು, ಆಯ್ಕೆಯಾದ ಸುದ್ದಿ ಬಂದ ಮರುದಿನ ಏಜೆನ್ಸಿಯವರು ಕರಾರಿನ ಜೊತೆಗೆ ಒಂದು ಪುಟದ ‘ಆಪ್ಟ್ ಔಟ್’ (ಕಾನೂನಿನ ರಕ್ಷಣೆ ಬೇಡ ಎಂದು ಬರೆದುಕೊಡುವ) ಪತ್ರವನ್ನೂ ಕಳಿಸಿದ್ದಾರೆ. ಎಲ್ಲರೂ ಸಹಿ ಮಾಡುತ್ತಾರೆ, ಮಾಡದಿದ್ದರೆ ಐಆರ್35 (ಸ್ವಂತ ಕಂಪನಿಯ ಮೂಲಕ ದುಡಿಯುವವರನ್ನೂ ನೌಕರರಂತೆ ಕಂಡು ತೆರಿಗೆ ಹಾಕುವ ನಿಯಮ) ತೆರಿಗೆಯ ತೊಂದರೆ ಬರುತ್ತದೆ, ಸೋಮವಾರ ಕೆಲಸಕ್ಕೆ ಸೇರುವುದೂ ಕಷ್ಟವಾದೀತು ಎನ್ನುತ್ತಾರೆ. ನಾನೇನು ಮಾಡಲಿ?
– ಓದುಗರೊಬ್ಬರು, ಇಂಗ್ಲೆಂಡ್

ಉತ್ತರ: ಆ ಪತ್ರದ ಕೆಳಭಾಗವನ್ನು ಒಮ್ಮೆ ನೋಡಿ. ಸಹಿಗೆ ಎರಡು ಜಾಗಗಳಿರಬೇಕು: ಒಂದು ಕಂಪನಿಯ ನಿರ್ದೇಶಕರಾಗಿ, ಇನ್ನೊಂದು ಕೆಲಸ ಮಾಡುವ ವ್ಯಕ್ತಿಯಾಗಿ. ಎರಡೂ ಕಡೆ ಸಹಿ ಹಾಕುವವರು ನೀವೇ. ಏಜೆನ್ಸಿಗಳ ನಡವಳಿಕೆಯನ್ನು ನಿಯಂತ್ರಿಸುವ, ‘ಕಂಡಕ್ಟ್ ರೆಗ್ಯುಲೇಷನ್ಸ್’ ಎಂದೇ ಎಲ್ಲರೂ ಕರೆಯುವ 2003ರ ನಿಯಮಾವಳಿ ಕೊಡುವ ರಕ್ಷಣೆಯನ್ನು ಕಂಪನಿಯ ಮೂಲಕ ದುಡಿಯುವವರು ಮಾತ್ರ ಬಿಟ್ಟುಕೊಡಬಹುದು. ಅದಕ್ಕೆ ಕಂಪನಿಯೂ ವ್ಯಕ್ತಿಯೂ ಇಬ್ಬರೂ ಒಪ್ಪಬೇಕು. ಅಂಬ್ರೆಲಾ ಕಂಪನಿಯ (ಗುತ್ತಿಗೆ ಕೆಲಸಗಾರರನ್ನು ತನ್ನ ನೌಕರರಾಗಿ ಇಟ್ಟುಕೊಂಡು ಸಂಬಳ ಕೊಡುವ ಮಧ್ಯವರ್ತಿ ಕಂಪನಿ) ಮೂಲಕ ದುಡಿಯುವವರಿಗೂ ಇದು ಅನ್ವಯಿಸುತ್ತದೆ.

ಬಿಟ್ಟುಕೊಟ್ಟರೆ ಹೋಗುವುದೇನು ಎಂಬುದೇ ಇಲ್ಲಿ ಮುಖ್ಯ, ಮತ್ತು ಅದರಲ್ಲೂ ನಿಯಮ 12 ಎಲ್ಲಕ್ಕಿಂತ ಮುಖ್ಯ. ಕ್ಲೈಂಟ್ ತನಗೆ ಹಣ ಕೊಟ್ಟಿಲ್ಲ ಎಂಬ ಕಾರಣಕ್ಕೆ ಏಜೆನ್ಸಿ ನಿಮ್ಮ ಹಣವನ್ನು ತಡೆಹಿಡಿಯುವಂತಿಲ್ಲ. ಟೈಮ್‌ಶೀಟಿಗೆ ಕ್ಲೈಂಟ್‌ನ ಸಹಿ ಬಿದ್ದಿಲ್ಲ ಎಂಬ ಕಾರಣಕ್ಕೂ ತಡೆಹಿಡಿಯುವಂತಿಲ್ಲ. ನೀವು ನಾಲ್ಕು ವಾರ ದುಡಿದಿದ್ದೀರಿ, ಟೈಮ್‌ಶೀಟ್ ಒಪ್ಪಬೇಕಾದ ಮ್ಯಾನೇಜರ್ ರಜೆಯಲ್ಲಿದ್ದಾರೆ ಅಥವಾ ಕೆಲಸವನ್ನೇ ಬಿಟ್ಟುಹೋಗಿದ್ದಾರೆ ಎಂದುಕೊಳ್ಳಿ. ನಿಯಮ ಜಾರಿಯಲ್ಲಿದ್ದರೆ, ನೀವು ಕೆಲಸ ಮಾಡಿದ್ದು ನಿಜವೇ ಎಂದು ಏಜೆನ್ಸಿ ಬೇರೆ ದಾರಿಯಿಂದ ಖಚಿತಪಡಿಸಿಕೊಳ್ಳಬಹುದೇ ಹೊರತು, ಸಹಿಯಿಲ್ಲ ಎಂದು ಇನ್‌ವಾಯ್ಸನ್ನು ಮೇಜಿನ ಮೇಲೆ ಕೊಳೆಯಲು ಬಿಡುವಂತಿಲ್ಲ. ಆಪ್ಟ್ ಔಟ್ ಆದ ಮೇಲೆ ನಿಮಗೆ ಉಳಿಯುವುದು ಕರಾರಿನಲ್ಲಿ ಏನು ಬರೆದಿದೆಯೋ ಅಷ್ಟೇ, ಮತ್ತು ಆ ಕರಾರನ್ನು ಬರೆದವರು ಏಜೆನ್ಸಿಯವರು. ಕ್ಲೈಂಟ್‌ನಿಂದ ಹಣ ಬಂದ ಮೇಲಷ್ಟೇ ನಿಮಗೆ ಪಾವತಿ ಎಂಬ ಷರತ್ತನ್ನು ಅದರಲ್ಲಿ ಸೇರಿಸಲು ಆಗ ಈ ನಿಯಮ ಅಡ್ಡಿಯಾಗದು. ಕ್ಲೈಂಟ್ ದಿವಾಳಿಯಾದರೆ ಆ ನಷ್ಟ ಬಂದು ಬೀಳುವುದು ನಿಮ್ಮ ತಲೆಯ ಮೇಲೆ.

ಎರಡನೆಯದು ನಿಯಮ 10. ಮುಂದೆ ಕ್ಲೈಂಟ್ ನಿಮ್ಮನ್ನು ನೇರವಾಗಿ ತೆಗೆದುಕೊಳ್ಳಲು ಬಯಸಿದರೆ ಏಜೆನ್ಸಿ ಅವರಿಂದ ಶುಲ್ಕ ಕೇಳಬಹುದಾದ ಅವಧಿಗೆ ಅದು ಮಿತಿ ಹಾಕುತ್ತದೆ: ಕೆಲಸ ಶುರುವಾದ ದಿನದಿಂದ 14 ವಾರ ಅಥವಾ ಮುಗಿದ ದಿನದಿಂದ 8 ವಾರ, ಇವೆರಡರಲ್ಲಿ ಯಾವುದು ತಡವೋ ಅದು. ಈ ಮಿತಿ ಇಲ್ಲವಾದರೆ ಆರು ತಿಂಗಳು, ಒಂದು ವರ್ಷ ಎಂಬ ನಿರ್ಬಂಧಗಳು ಕರಾರಿನೊಳಗೆ ನುಸುಳುವುದಕ್ಕೆ ದಾರಿ ಸುಲಭವಾಗುತ್ತದೆ.

ಇನ್ನು ಅವರು ಹೇಳಿದ ಮಾತುಗಳು. ಐಆರ್35ಕ್ಕೂ ಈ ಪತ್ರಕ್ಕೂ ಅವರು ಹೇಳುವಂಥ ನಂಟಿಲ್ಲ. ಕೆಲಸವನ್ನು ಹೇಗೆ ಮಾಡಬೇಕೆಂದು ನಿರ್ದೇಶಿಸುವವರು ಯಾರು, ನಿಮ್ಮ ಬದಲಿಗೆ ಇನ್ನೊಬ್ಬರನ್ನು ಕಳಿಸಲು ನಿಮಗೆ ನಿಜವಾಗಿ ಹಕ್ಕಿದೆಯೇ, ಕೆಲಸ ಕೊಡಲೇಬೇಕು ಮತ್ತು ಮಾಡಲೇಬೇಕು ಎಂಬ ಪರಸ್ಪರ ಬಾಧ್ಯತೆ ಇದೆಯೇ ಎಂಬ ಸಂಗತಿಗಳ ಮೇಲೆ, ತೆರಿಗೆಯ ಲೆಕ್ಕದಲ್ಲಿ ನೀವು ನೌಕರರಂತೆಯೇ ಅಲ್ಲವೇ ಎಂಬ ತೀರ್ಮಾನ ನಿಲ್ಲುತ್ತದೆ. 2021ರ ಏಪ್ರಿಲ್‌ನಿಂದ ಮಧ್ಯಮ ಮತ್ತು ದೊಡ್ಡ ಖಾಸಗಿ ಕ್ಲೈಂಟ್‌ಗಳ ವಿಷಯದಲ್ಲಿ ಅದನ್ನು ತೀರ್ಮಾನಿಸಬೇಕಾದವರು ಕ್ಲೈಂಟ್‌ನವರೇ. ಸಹಿ ಮಾಡದಿದ್ದರೆ ಕೆಲಸ ಕಷ್ಟ ಎಂಬ ಮಾತಂತೂ ನನಗೆ ಬೇಸರ ತಂದಿತು, ಏಕೆಂದರೆ ಆಪ್ಟ್ ಔಟ್ ಆಗುವುದನ್ನು ತಮ್ಮ ಸೇವೆಗೆ ಷರತ್ತಾಗಿ ಇಡಬಾರದು ಎಂದು ನಿಯಮ 32 ಏಜೆನ್ಸಿಗಳಿಗೆ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ ಈ ಒತ್ತಡ ಮಾತಿನಲ್ಲೇ ನಡೆಯುತ್ತದೆ, ಕಾಗದದ ಮೇಲೆ ಬರುವುದು ಅಪರೂಪ. ಅದಕ್ಕಾಗಿಯೇ ಫೋನಿನಲ್ಲಿ ಹೇಳಿದ್ದನ್ನು ಇಮೇಲಿನಲ್ಲಿ ಬರೆದು ಕಳಿಸುವಂತೆ ಕೇಳಿ.

ನಿಮ್ಮ ವಿಷಯದಲ್ಲಿ ದಿನಾಂಕವೂ ಒಂದು ಪ್ರಶ್ನೆ. ನಿಮ್ಮನ್ನು ಕ್ಲೈಂಟ್‌ಗೆ ಪರಿಚಯಿಸುವ ಮೊದಲೇ, ಆಪ್ಟ್ ಔಟ್‌ಗೆ ಒಪ್ಪಿದ್ದೇವೆ ಎಂಬ ಸೂಚನೆಯನ್ನು ನೀವು ಏಜೆನ್ಸಿಗೆ ಕೊಟ್ಟಿರಬೇಕು ಎಂಬುದು ನಿಯಮದ ಆಶಯ. ಸಂದರ್ಶನವೇ ಮುಗಿದ ಮೇಲೆ ಬಂದ ಪತ್ರದ ಸಿಂಧುತ್ವವನ್ನು ನೀವು ಬಲವಾಗಿಯೇ ಪ್ರಶ್ನಿಸಬಹುದು. ಆದರೆ ಹೇಗೂ ಇದು ನಿಲ್ಲುವುದಿಲ್ಲ ಎಂಬ ಧೈರ್ಯದಲ್ಲಿ ದಯವಿಟ್ಟು ಸಹಿ ಹಾಕಬೇಡಿ. ಆ ವಾದವನ್ನು ಹೂಡಬೇಕಾಗುವುದು ಹಣ ಸಿಕ್ಕಿಬಿದ್ದಾಗ, ಮನೆಬಾಡಿಗೆ ಕಟ್ಟಲು ದಿನ ಎಣಿಸುತ್ತಿರುವಾಗ. ಸಹಿ ಮಾಡಿದ ಮೇಲೆ ಮನಸ್ಸು ಬದಲಿಸಿ ಹಿಂತೆಗೆದುಕೊಂಡರೂ, ಆಗ ಮಾಡುತ್ತಿರುವ ಕೆಲಸ ಮುಗಿಯುವವರೆಗೆ ಆ ಹಿಂತೆಗೆತ ಜಾರಿಗೆ ಬರುವುದಿಲ್ಲ.

ವಾರಕ್ಕೆ 48 ಗಂಟೆಯ ಮಿತಿಯನ್ನು ಬಿಡುವ ಪತ್ರವನ್ನೂ ಆಪ್ಟ್ ಔಟ್ ಎಂದೇ ಕರೆಯುತ್ತಾರೆ, ಅದು ಬೇರೆ ಕಾನೂನಿನದು. ಎರಡನ್ನೂ ಒಂದೇ ಕಡತದಲ್ಲಿ ಕಳಿಸುವುದುಂಟು, ಶೀರ್ಷಿಕೆ ಓದಿ.

ಸಹಿ ಮಾಡಲೇಬಾರದೇ? ಟೈಮ್‌ಶೀಟ್ ಇರಲಿ ಇಲ್ಲದಿರಲಿ, ಕ್ಲೈಂಟ್ ಕೊಡಲಿ ಬಿಡಲಿ, ದುಡಿದ ದಿನಗಳ ಹಣವನ್ನು ಇಂತಿಷ್ಟು ದಿನಗಳಲ್ಲಿ ಕೊಡುತ್ತೇವೆ ಎಂದು ಕರಾರಿನಲ್ಲೇ ಬರೆದುಕೊಟ್ಟರೆ, ಮತ್ತು ದರದಲ್ಲೋ ಅವಧಿಯಲ್ಲೋ ನಿಮಗೆ ನಿಜವಾದ ಲಾಭವಿದ್ದರೆ, ಯೋಚಿಸಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದ್ದರಿಂದ ಕರಾರಿಗೆ ಮಾತ್ರ ಸಹಿ ಹಾಕಿ, ಜೊತೆಗೆ ಒಂದು ಸಾಲು ಬರೆದು ಕಳಿಸಿ: “2003ರ ನಿಯಮಾವಳಿಯ ರಕ್ಷಣೆಯನ್ನು ಬಿಟ್ಟುಕೊಡಲು ನಾನಾಗಲಿ ನನ್ನ ಕಂಪನಿಯಾಗಲಿ ಒಪ್ಪುವುದಿಲ್ಲ.” ಅದಕ್ಕೂ ಮೊದಲು, ನೀವು ಆಪ್ಟ್ ಔಟ್ ಆಗಿದ್ದೀರಿ ಎಂಬ ಸಾಲು ಕರಾರಿನ ಒಳಗೇ ಎಲ್ಲಾದರೂ ಅಡಗಿದೆಯೇ ನೋಡಿ, ಇದ್ದರೆ ಹೊಡೆದುಹಾಕಿಸಿ.