ಪ್ರೆಷರ್ ಇಳಿದರೆ ಸೋರಿದ್ದು ಬಂಡೆಯೋ, ಪ್ಯಾಕರ್ರೋ?

ಪ್ರಶ್ನೆ: ತೈಲಬಾವಿಯಲ್ಲಿ ಉಬ್ಬುವ ಪ್ಯಾಕರ್‌ಗಳನ್ನು (ಉಬ್ಬಿ ಗೋಡೆಗೆ ಒತ್ತಿ ಬಾವಿಯನ್ನು ಮುಚ್ಚುವ ರಬ್ಬರ್ ಬಿರಡೆಗಳು) ಮೇಲೊಂದು, ಕೆಳಗೊಂದು ಕೂರಿಸಿ ನಡುವಿನ ಜಾಗಕ್ಕೆ ನೀರು ಪಂಪ್ ಮಾಡಿದೆವು. ಪಂಪ್ ನಿಲ್ಲಿಸಿದ ಮೇಲೆ ಪ್ರೆಷರ್ ಇಳಿಯುತ್ತಲೇ ಹೋಯಿತು. ನೀರು ಬಂಡೆಯೊಳಗೆ ಹೋಯಿತೋ, ಪ್ಯಾಕರ್ ಪಕ್ಕದಿಂದ ನುಸುಳಿತೋ? ಹೇಗೆ ತಿಳಿಯುವುದು?

ಉತ್ತರ: ನಡುವಿನ ಗೇಜ್ ಒಂದನ್ನೇ ನೋಡಿದರೆ ತಿಳಿಯುವುದಿಲ್ಲ. ಎರಡು ಸಂದರ್ಭದಲ್ಲೂ ಪ್ರೆಷರ್ ಗ್ರಾಫಿನ ಗೆರೆ ಹೆಚ್ಚುಕಡಿಮೆ ಒಂದೇ ಥರ ಇಳಿಯಬಹುದು. ಪ್ಯಾಕರ್‌ಗಳ ಮೇಲೆ, ಕೆಳಗೆ ಮತ್ತು ಅವುಗಳ ಒಳಗೂ ಪ್ರೆಷರ್ ಅಳೆಯಲೇಬೇಕು.

ಮೊದಲು ಕೆಳಗಿನ ಗೇಜ್ ನೋಡಿ. ಅದು ಮುಚ್ಚಿದ ಜಾಗ, ಚೂರು ನೀರು ಬಂದರೂ ಪ್ರೆಷರ್ ಏರುತ್ತದೆ. ನಡುವೆ ಇಳಿಯುತ್ತಾ ಕೆಳಗೆ ಏರುತ್ತಾ ಹೋದರೆ ನೀರು ಪ್ಯಾಕರ್ ದಾಟಿದೆ, ಇಲ್ಲವೇ ಬಂಡೆಯ ಬಿರುಕಿನಲ್ಲಿ ಸುತ್ತಿ ಬಂದಿದೆ. ಪ್ಯಾಕರ್‌ಗಳನ್ನು ತುಸು ಸರಿಸಿ ಮತ್ತೆ ಪರೀಕ್ಷಿಸಿದರೆ ಯಾವುದು ಎಂಬ ಸುಳಿವು ಸಿಗುತ್ತದೆ. ಪಂಪ್ ಶುರುವಾದ ಕ್ಷಣ ಮಾತ್ರ ಕೆಳಗೆ ಸ್ವಲ್ಪ ಏರಿ ನಿಂತರೆ ಗಾಬರಿ ಬೇಡ. ಪ್ಯಾಕರ್ ಚೂರು ಕೆಳಕ್ಕೆ ಸರಿದರೂ ಹಾಗಾಗುತ್ತದೆ. ಮೇಲಿನ ಸೋರಿಕೆ ಪತ್ತೆ ಕಷ್ಟ: ಬಾವಿ ಬಾಯಿ ತೆರೆದಿದ್ದರೆ ನೀರಿನ ಮಟ್ಟ ತುಸು ಏರುತ್ತದೆ, ಅಷ್ಟೇ.

ನನಗೆ ಹೆಚ್ಚು ಅನುಮಾನ ಇರುವುದು ಉಬ್ಬಿಸಿದ ಪ್ರೆಷರ್ ಮೇಲೆ. ಲೆಕ್ಕ ಹಾಕಿ ನೋಡಿ. ಸಿಹಿನೀರು ತುಂಬಿದ ಬಾವಿಯ 1000 ಮೀಟರ್ ಆಳದಲ್ಲಿ ನೀರಿನ ಭಾರದಿಂದಲೇ ಸುಮಾರು 98 ಬಾರ್ ಇರುತ್ತದೆ. ಅಲ್ಲಿ ಪ್ಯಾಕರ್ ಒಳಗೆ 150 ಬಾರ್ ತೋರಿಸಿದರೂ ಗೋಡೆಗೆ ಒತ್ತಲು ಉಳಿಯುವುದು 52 ಬಾರ್ ಮಾತ್ರ. ಅದರಲ್ಲೂ ಒಂದು ಪಾಲು ರಬ್ಬರನ್ನು ಹಿಗ್ಗಿಸಲು ಖರ್ಚಾಗುತ್ತದೆ. ನಡುವಿನ ಜಾಗಕ್ಕೆ 70 ಬಾರ್ ಹೆಚ್ಚುವರಿ ಕೊಟ್ಟರೆ ನೀರು ಸಂದಿ ಹುಡುಕಿಕೊಳ್ಳದೇ ಇರುತ್ತದಾ?

ಹಾಗಂತ ಸುಮ್ನೆ ಜಾಸ್ತಿ ಉಬ್ಬಿಸಬೇಡಿ. ಬಂಡೆ ಮೆದುವಾಗಿದ್ದರೆ ಪ್ಯಾಕರ್ರೇ ಅದನ್ನು ಸೀಳುತ್ತದೆ. ಬಾವಿ ಅಗಲವಾದಷ್ಟೂ ರಬ್ಬರ್ ಹೆಚ್ಚು ಹಿಗ್ಗಬೇಕು, ತಾಳುವ ಪ್ರೆಷರ್ ಅಷ್ಟೇ ಕಡಿಮೆಯಾಗುತ್ತದೆ. ಕ್ಯಾಲಿಪರ್ ಲಾಗ್ (ಆಳಕ್ಕೆ ತಕ್ಕಂತೆ ಬಾವಿಯ ಅಗಲ ಅಳೆದ ದಾಖಲೆ) ನೋಡಿ, ಗೋಡೆ ಕೊರೆದುಹೋಗದೆ ನಯವಾಗಿರುವ ಕಡೆ ಕೂರಿಸಿ.

ಇನ್ನೊಂದು ಕಾರಣ ಬಿಸಿ-ತಂಪು. ಮೇಲಿಂದ ತಣ್ಣನೆಯ ನೀರು ಪಂಪ್ ಮಾಡಿದಾಗ ಪ್ಯಾಕರ್ ಒಳಗಿನ ನೀರೂ ತಣ್ಣಗಾಗಿ ಕುಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಮುಂದಿನ ಸಲ ಪ್ಯಾಕರ್ ಉಬ್ಬಿಸಿದ ಕೂಡಲೇ ಪರೀಕ್ಷೆ ಶುರು ಮಾಡಬೇಡಿ. ಒಳಗಿನ ಪ್ರೆಷರ್ ಸ್ಥಿರವಾಗುವವರೆಗೆ ಕಾಯಿರಿ. ಪಂಪ್ ನಡೆಯುವಾಗಲೂ ಆ ಗೇಜ್ ಮೇಲೆ ಕಣ್ಣಿಟ್ಟಿರಿ.