ಕಡಲು ನುಂಗಿದ ನಾಲ್ಕು ಗುಂಟೆ ಯಾರದು?

ಓದುಗರ ಪತ್ರ: 'ಶರಾವತಿ ಅಳಿವೆಯ ಹತ್ತಿರ ನನ್ನ ಅಕ್ಕನ ಮನೆಯಿದೆ. ಪಹಣಿಯಲ್ಲಿ ಹತ್ತು ಗುಂಟೆ; ಅದರಲ್ಲಿ ನಾಲ್ಕು ಗುಂಟೆ, ಅಂಗಳದ ಬಾವಿ ಸಮೇತ, ಕಡಲ ಪಾಲಾಗಿದೆ. ಸರ್ಕಾರ ಮರಳು ತುಂಬಿಸಿ ದಂಡೆ ಕಟ್ಟಿದರೆ ಆ ಜಾಗ ಅಕ್ಕನಿಗೇ ಸೇರಬೇಕಲ್ಲವೇ? ಕಡಲ ದಂಡೆ ಎಲ್ಲರದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಘಟ್ಟದ ಮೇಲೆ ಕುಳಿತು ಹಾಗೆ ಬರೆಯುವುದು ಸುಲಭ.'
– ಸಾಗರದ ಓದುಗರೊಬ್ಬರು (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಮಾತು ಮನಸ್ಸಿಗೆ ನಾಟಿತು. ಪತ್ರ ಬಂದ ವಾರವೇ ಶಿವಮೊಗ್ಗದಿಂದ ಬಸ್ ಹಿಡಿದು, ಘಟ್ಟ ಇಳಿದು, ಅಕ್ಕನವರ ಮನೆಗೆ ಹೋಗಿ ಬಂದೆ. ಸುತ್ತಲಿನ ಮಣ್ಣೆಲ್ಲ ಕೊಚ್ಚಿಹೋಗಿ ಚಿರೆಕಲ್ಲಿನ ಬಾವಿಯೊಂದೇ ಆಳೆತ್ತರಕ್ಕೆ ಎದ್ದು ನಿಂತಿದೆ. ಬಗ್ಗಿ ನೋಡಿದರೆ ಮಾತ್ರ ಕಾಣಬೇಕಿದ್ದ ಕಲ್ಲಿನ ವರಸೆಗಳನ್ನು ಹೊರಗಿನಿಂದಲೇ ಎಣಿಸಿದೆ, ಹನ್ನೊಂದಿದ್ದವು. ಹಗ್ಗ ಉಜ್ಜಿ ಕಟ್ಟೆಯ ಅಂಚಿನಲ್ಲಿ ಬಿದ್ದ ಗೀರುಗಳು ಹಾಗೆಯೇ ಇವೆ. ಅಕ್ಕ ಚಹಾ ಮಾಡಿಕೊಟ್ಟರು. ಅದಕ್ಕೆ ನೀರನ್ನು ರಸ್ತೆಯಾಚೆಯ ನಲ್ಲಿಯಿಂದ ಹೊತ್ತು ತಂದಿದ್ದರು.

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಆ ನಾಲ್ಕು ಗುಂಟೆ ಅಕ್ಕನವರಿಗೆ ಮರಳುವ ಭರವಸೆಯನ್ನು ನಾನು ಕೊಡಲಾರೆ. ಉಬ್ಬರದ ಗೆರೆಯ ಕೆಳಗಿನ ಸಮುದ್ರತಳ ಸರ್ಕಾರದ್ದು ಎನ್ನುತ್ತದೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೀರಿನಡಿಯ ನೆಲ ನಮ್ಮದಾಗಿ ಉಳಿಯುವುದಿಲ್ಲ. ಹಿಂದೆ ಸರಿದು ಮನೆ ಕಟ್ಟುವುದಕ್ಕೂ ತೊಡಕುಂಟು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ, ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್, ಉಳಿದ ಹಳ್ಳಿಗಳಲ್ಲಿ 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿರ್ಬಂಧವಿದೆ. ಈಗಿರುವ ಅಧಿಕೃತ ಮನೆಯ ದುರಸ್ತಿಗೆ ಅಡ್ಡಿಯಿಲ್ಲ.

ಇದೇ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಫ್ಲಾರಿಡಾ ರಾಜ್ಯದಲ್ಲಿ ಸುಮಾರು ಹನ್ನೊಂದು ಕಿಲೋಮೀಟರ್ ದಂಡೆ ಸವೆದಿತ್ತು. ಅಲ್ಲಿ ಮರಳು ತುಂಬಿಸಿ ಎಪ್ಪತ್ತೈದು ಅಡಿಯಷ್ಟು ಅಗಲಿಸಲು ಸರ್ಕಾರ ಹೊರಟಿತು. ಒಂದು ಗೆರೆ ಎಳೆದು, ಅದರಾಚೆಯ ಹೊಸ ಮರಳು ಸಾರ್ವಜನಿಕರದ್ದು ಎಂದಿತು. 'ನಮ್ಮ ಜಮೀನು ನೀರಿಗೆ ತಾಗಿತ್ತು, ಈಗ ನಡುವೆ ನಿಮ್ಮ ಮರಳು ಬಂತು' ಎಂದು ದಂಡೆಯ ಮನೆಗಳವರು ತಕರಾರು ತೆಗೆದರು. 2010ರಲ್ಲಿ ಅವರು ಸೋತರು. ಅಲೆ ತಾನಾಗಿ ನಿಧಾನವಾಗಿ ತಂದು ಸೇರಿಸಿದ ಮಣ್ಣು ಜಮೀನಿನವರದ್ದು. ಸರ್ಕಾರ ತನ್ನದೇ ಸಮುದ್ರತಳದ ಮೇಲೆ ತುಂಬಿಸಿದ್ದು ಸರ್ಕಾರದ್ದು. ಅಲ್ಲಿನ ಕಾನೂನು ಮಾಡುವ ವಿಂಗಡಣೆ ಇದು.

ಮರಳಿನ ಮಟ್ಟಿಗೆ ಅದು ಸರಿ ಎಂದೇ ನನ್ನ ಅಭಿಪ್ರಾಯ. ಜನರ ದುಡ್ಡಿನಿಂದ ಮೂಡಿದ ದಂಡೆಯಲ್ಲಿ ದೋಣಿ ಎಳೆಯುವವರಿಗೆ, ಮೀನು ಒಣಗಿಸುವವರಿಗೆ ಜಾಗವಿರಬೇಕು. ಆದರೆ ಫ್ಲಾರಿಡಾದವರಿಗೆ ಕೊನೆಗೆ ಮನೆಯಾದರೂ ಉಳಿಯುತ್ತದೆ, ಮುಂದೆ ಅಗಲವಾದ ದಂಡೆಯ ರಕ್ಷಣೆಯೂ ಸಿಗುತ್ತದೆ. ಅಕ್ಕನವರಿಗೆ ನೆಲವೂ ಇಲ್ಲ, ಮರಳೂ ಇಲ್ಲ. ಕಳೆದ ಸಂಚಿಕೆಯಲ್ಲಿ ನಾನು ಬರೆಯಬೇಕಿದ್ದದ್ದು ಇದನ್ನು, ಬರೆಯದೆ ಬಿಟ್ಟದ್ದು ನನ್ನ ತಪ್ಪು.

ಮರಳು ತುಂಬಿಸುವುದೂ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ದಂಡೆಯ ಮರಳಿಗಿಂತ ಸಣ್ಣ ಕಣದ್ದನ್ನು ಸುರಿದರೆ ಅಲೆ ಬೇಗ ಎಳೆದೊಯ್ಯುತ್ತದೆ. ಸರಿಯಾದದ್ದನ್ನು ಸುರಿದರೂ ಕೆಲವು ವರ್ಷಗಳಿಗೊಮ್ಮೆ ಮತ್ತೆ ತುಂಬಿಸುತ್ತಿರಬೇಕು. ಪುದುಚೇರಿಯಲ್ಲಿ ನೀರೊಳಗೆ ದಿಬ್ಬದಂಥ ತಡೆ ಇಟ್ಟು, ಹೂಳೆತ್ತಿದ ಮರಳನ್ನು ಸುರಿದ ಮೇಲೆ ದಂಡೆ ಮರಳಿ ಮೂಡಿತು. ನಮ್ಮ ಉಳ್ಳಾಲದಲ್ಲೂ ಮರಳು ತುಂಬಿದ ದೊಡ್ಡ ಚೀಲಗಳಿಂದ ನೀರೊಳಗಿನ ತಡೆ ಕಟ್ಟಿದ್ದಾರೆ. ಉಳಿದ ಕಡೆ ನಮಗೆ ಗೊತ್ತಿರುವುದು ಒಂದೇ, ಲಾರಿಗಟ್ಟಲೆ ಕಲ್ಲು ಹಾಕುವುದು. ಮಳೆಗಾಲದಲ್ಲಿ ಕಡಲು ಒಯ್ದ ಮರಳಿನ ಬಹುಪಾಲು ಮಳೆ ಕಳೆದ ಮೇಲೆ ಮೆಲ್ಲಗೆ ದಂಡೆಗೆ ಮರಳುತ್ತದೆ. ಕಲ್ಲಿಗೆ ಬಡಿದ ಅಲೆ ಬುಡದ ಮರಳನ್ನೇ ಕೆದಕಿ, ಅದು ನಿಲ್ಲಲು ಬಿಡುವುದಿಲ್ಲ. ಗೋಡೆ ಮುಗಿದಲ್ಲಿ ಪಕ್ಕದವರ ಹಿತ್ತಲಿಗೆ ಕೈ ಹಾಕುತ್ತದೆ. ಅಕ್ಕನವರ ನಾಲ್ಕು ಗುಂಟೆಯೂ ಹಾಗೆಯೇ ಹೋದದ್ದು. ಬಡಗು ದಿಕ್ಕಿನ ಗೋಡೆ ಅವರ ಬೇಲಿಯ ಹತ್ತಿರವೇ ನಿಂತುಬಿಟ್ಟಿದೆ.

ಇನ್ನು ಘಟ್ಟದ ಮೇಲಿನವರಾದ ನಮ್ಮ ವಿಷಯ. ದಂಡೆಯ ಮರಳು ಬರುವುದು ಎಲ್ಲಿಂದ? ಅದರಲ್ಲಿ ದೊಡ್ಡ ಪಾಲು ಹೊಳೆಗಳು ತಂದದ್ದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ನಮ್ಮ ಗುಡ್ಡಗಳನ್ನು ತೊಳೆದು ಹೊನ್ನಾವರದವರೆಗೆ ಸಾಗಿಸುತ್ತಿದ್ದಳು. 1964ರಲ್ಲಿ ವಿದ್ಯುತ್ತಿಗಾಗಿ ಅವಳಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದೆವು. ದಪ್ಪ ಮರಳು ಹಿನ್ನೀರಿನ ತಳದಲ್ಲೇ ಕೂರುತ್ತದೆ, ಗೇಟು ದಾಟುವುದು ಹೆಚ್ಚಾಗಿ ತಿಳಿ ನೀರು. ಕೆಳಗೆ ಉಳಿದದ್ದರಲ್ಲೂ ಲಾರಿಗಳು ತಮ್ಮ ಪಾಲು ಎತ್ತುತ್ತವೆ. ಕಡಲ್ಕೊರೆತಕ್ಕೆ ಇದೊಂದೇ ಕಾರಣವಲ್ಲ. ಅಳಿವೆ ತಾನಾಗಿಯೇ ಜಾಗ ಬದಲಿಸುತ್ತದೆ, ಬಂದರಿನ ಗೋಡೆಗಳು ಮರಳಿನ ಹರಿವಿಗೆ ಅಡ್ಡ ನಿಲ್ಲುತ್ತವೆ. ಆದರೂ ನಮ್ಮ ಮನೆಯ ದೀಪಕ್ಕೂ ಆ ಬಾವಿಗೂ ಸಂಬಂಧವಿದೆ.

ಸಾಗರದವರಾದ ನಿಮಗೆ ಮುಳುಗಡೆ ಎಂದರೇನೆಂದು ನಾನು ಹೇಳಬೇಕಿಲ್ಲ. ಹಿನ್ನೀರು ತಗ್ಗಿದ ವರ್ಷ, ಲಿಂಗನಮಕ್ಕಿಯಲ್ಲಿ ಮುಳುಗಿದ ಮಡೆನೂರಿನ ಹಳೆಯ ಅಣೆಕಟ್ಟು ತಲೆ ಎತ್ತಿದಾಗ ಅದನ್ನು ನೋಡಲು ಹೋಗುವವರಲ್ಲಿ ಊರು ಕಳೆದುಕೊಂಡ ಮನೆತನದವರೂ ಇರುತ್ತಾರೆ. ನಾಡಿಗಾಗಿ ನೆಲ ಬಿಟ್ಟ ಕುಟುಂಬಗಳು ಬದಲಿ ಜಮೀನಿನ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿವೆ. ಅಕ್ಕನವರಿಗೆ ಆ ಗತಿ ಬರಬಾರದು.

ಹಾಗಾಗಿ ಕೇಳಬೇಕಾದದ್ದು ಮರಳಿನ ಮೇಲಿನ ಹಕ್ಕನ್ನಲ್ಲ, ಹಕ್ಕುಪತ್ರ ಸಮೇತ ಬೇರೆ ನಿವೇಶನವನ್ನು. ಇದಕ್ಕೆ ಆಧಾರವಿದೆ: ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆಂದೇ 15ನೇ ಹಣಕಾಸು ಆಯೋಗ 2021–26ರ ಅವಧಿಗೆ 1,000 ಕೋಟಿ ರೂಪಾಯಿಯನ್ನು ಶಿಫಾರಸು ಮಾಡಿತ್ತು. ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೆಯ ಕಂದಾಯದ ರಸೀದಿಗಳನ್ನು ಒಟ್ಟು ಮಾಡಿಡಿ. ಈ ಮಳೆಗಾಲಕ್ಕೆ ಮುಂಚೆ ಭೂಮಾಪಕರಿಂದ ಅಳತೆ ಮಾಡಿಸಿ. ಉಳಿದ ಆರು ಗುಂಟೆಯ ಜೊತೆಗೆ ಬಾವಿ ಇರುವ ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕಿಸಿ. ಮುಂದಿನ ವರ್ಷದ ಹೊತ್ತಿಗೆ ತೋರಿಸಲು ಬಾವಿ ಉಳಿದಿರಲಿಕ್ಕಿಲ್ಲ.