ಭತ್ಯೆ ಕಡಿದರೆ ಲೆಕ್ಕ ಸರಿಹೋಗುತ್ತದೆಯೇ?

ಮಾನ್ಯರೇ,

ಯುರೋಪಿನ ಚುನಾವಣೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ನಿರಾಶ್ರಿತರು ಹೊರೆ ಎಂದು ಬಲಪಂಥದವರೂ ಲಾಭ ಎಂದು ಎಡಪಂಥದವರೂ ಸರ್ಕಾರದ ಅಂಕಿಗಳನ್ನೇ ಹಿಡಿದು ವಾದಿಸುತ್ತಾರಲ್ಲ, ಯಾರದು ಸುಳ್ಳು ಎಂದು ಕೇಳಿದ್ದೀರಿ. ಭತ್ಯೆ ಕಡಿದರೆ ಅವರು ಬೇಗ ಕೆಲಸಕ್ಕೆ ಹತ್ತುವುದಿಲ್ಲವೇ ಎಂಬುದು ಎರಡನೆಯ ಪ್ರಶ್ನೆ. ದುಡಿಯುವವರ ಪಕ್ಷವಾದ ಡೆನ್ಮಾರ್ಕಿನ ಸೋಷಿಯಲ್ ಡೆಮಾಕ್ರಟರು ಬಾಗಿಲು ಹಾಕುವುದರಲ್ಲಿ ಎಲ್ಲರಿಗಿಂತ ಮುಂದಾದದ್ದು ಹೇಗೆ ಎಂಬುದು ಮೂರನೆಯದು. "ಮಾನವೀಯತೆಯ ಉಪದೇಶ ಬೇಡ, ಲೆಕ್ಕ ಹೇಳಿ" ಎಂದೂ ಬರೆದಿದ್ದೀರಿ. ಹಾಗೇ ಆಗಲಿ.

ಸುಳ್ಳು ಹೇಳದೆಯೇ ಇಬ್ಬರೂ ಬೇರೆ ಬೇರೆ ಮೊತ್ತಕ್ಕೆ ಬರಬಹುದು. 2017ರಲ್ಲಿ ಅಮೆರಿಕದ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆ ಸಿದ್ಧಪಡಿಸಿದ ಕರಡು ವರದಿಯೊಂದು, 2005ರಿಂದ 2014ರವರೆಗಿನ ಹತ್ತು ವರ್ಷಗಳಲ್ಲಿ ನಿರಾಶ್ರಿತರು ಪಡೆದ ನೆರವಿಗಿಂತ ಅವರಿಂದ ಬಂದ ಆದಾಯವೇ 6,300 ಕೋಟಿ ಡಾಲರ್ ಹೆಚ್ಚು ಎಂದು ಲೆಕ್ಕ ಹಾಕಿತ್ತು. ಟ್ರಂಪ್ ಸರ್ಕಾರ ಅದನ್ನು ಒಪ್ಪಲಿಲ್ಲ. ಕೊನೆಗೆ ಸಲ್ಲಿಕೆಯಾದ ಚಿಕ್ಕ ವರದಿಯಲ್ಲಿ ಖರ್ಚು ಮಾತ್ರ ಉಳಿಯಿತು: ಆ ಇಲಾಖೆ ಒಬ್ಬ ನಿರಾಶ್ರಿತನಿಗೆ ವರ್ಷಕ್ಕೆ ಸುಮಾರು 3,300 ಡಾಲರ್, ಸಾಮಾನ್ಯ ನಾಗರಿಕನಿಗೆ 2,500 ಡಾಲರ್ ವೆಚ್ಚ ಮಾಡುತ್ತದೆ ಎಂದು. ತೆರಿಗೆಯ ಕಲಮನ್ನೇ ಕೈಬಿಟ್ಟರೆ ಯಾರಾದರೂ ಹೊರೆಯಾಗಿಯೇ ಕಾಣುತ್ತಾರೆ.

ಹಾಗೆಂದು ಎಡದವರ ಲೆಕ್ಕ ಪೂರ್ತಿಯಾಯಿತು ಎಂದಲ್ಲ. ಖರ್ಚು ಮೊದಲ ವರ್ಷಗಳಲ್ಲಿ ಬರುತ್ತದೆ, ತೆರಿಗೆ ನಿಧಾನಕ್ಕೆ ಬರುತ್ತದೆ. 2015ರಲ್ಲಿ ಜರ್ಮನಿಗೆ ಬಂದವರಲ್ಲಿ ದುಡಿಯುವ ವಯಸ್ಸಿನ ಸುಮಾರು ಮೂರರಲ್ಲಿ ಎರಡು ಪಾಲು ಜನ ಏಳೆಂಟು ವರ್ಷಗಳಲ್ಲಿ ಕೆಲಸದಲ್ಲಿದ್ದರು. ಗಂಡಸರಲ್ಲಿ ನಾಲ್ಕರಲ್ಲಿ ಮೂವರು; ಹೆಂಗಸರಲ್ಲಿ ಮೂವರಲ್ಲಿ ಒಬ್ಬರು. ಮೊದಲ ಎರಡು ಮೂರು ವರ್ಷ ನೋಡಿದವರಿಗೆ ಕಂಡದ್ದೇ ಬೇರೆ ಚಿತ್ರ. ಇದಕ್ಕಿಂತ ಮುಖ್ಯವಾದ ಸಂಗತಿ, ಖರ್ಚು ಮಾಡುವವರು ಒಬ್ಬರು, ತೆರಿಗೆ ಪಡೆಯುವವರು ಇನ್ನೊಬ್ಬರು. ಜರ್ಮನಿಯಲ್ಲಿ ಆಶ್ರಯ ಕೋರಿ ಬಂದವರನ್ನು ರಾಜ್ಯಗಳಿಗೆ ಹಂಚಲು ಕೋನಿಗ್‌ಸ್ಟೈನ್ ಸೂತ್ರವಿದೆ: ಮೂರರಲ್ಲಿ ಎರಡು ಪಾಲು ರಾಜ್ಯದ ತೆರಿಗೆ ಆದಾಯಕ್ಕೆ, ಒಂದು ಪಾಲು ಜನಸಂಖ್ಯೆಗೆ ತೂಕ. ಆದರೆ ಅವರಿಗೆ ಮನೆ, ಶಿಶುವಿಹಾರ ಹುಡುಕುವ ಜವಾಬ್ದಾರಿ ಕೊನೆಗೆ ಜಿಲ್ಲೆ ಮತ್ತು ಪುರಸಭೆಗಳದ್ದು. 2024ರಿಂದ ಒಕ್ಕೂಟ ಸರ್ಕಾರ ಒಬ್ಬ ಅರ್ಜಿದಾರನಿಗೆ ವರ್ಷಕ್ಕೆ 7,500 ಯೂರೋ ಕೊಡಲು ಒಪ್ಪಿತು; ಇದು ಸಾಲದು ಎಂಬುದು ಸ್ಥಳೀಯ ಆಡಳಿತಗಳ ದೂರು. ದೇಶಕ್ಕೆ ಹತ್ತು ವರ್ಷದಲ್ಲಿ ಲಾಭವಾಗುತ್ತದೆ ಎಂಬ ಮಾತಿನಿಂದ ಈ ವರ್ಷ ಶಾಲೆಯಲ್ಲಿ ಕೊಠಡಿ ಸಾಲದ ಮೇಯರ್‌ಗೆ ಏನೂ ಪ್ರಯೋಜನವಿಲ್ಲ. ಆ ಸಿಟ್ಟನ್ನು ಜನಾಂಗದ್ವೇಷ ಎಂದು ತಳ್ಳಿಹಾಕಿದ್ದು ಎಡಪಂಥದ ದೊಡ್ಡ ತಪ್ಪು ಎಂದು ನಾವು ಭಾವಿಸುತ್ತೇವೆ.

ಈಗ ಭತ್ಯೆಯ ವಿಚಾರ. ಅರ್ಜಿ ಹಾಕಿ ಕಾಯುತ್ತಿರುವವರು ಬೇರೆ, ನಿರಾಶ್ರಿತರೆಂದು ಮಾನ್ಯತೆ ಸಿಕ್ಕವರು ಬೇರೆ. 1951ರ ಜಿನೀವಾ ಒಪ್ಪಂದದ 23ನೇ ವಿಧಿಯ ಪ್ರಕಾರ ಕಾನೂನುಬದ್ಧವಾಗಿ ನೆಲೆಸಿದ ನಿರಾಶ್ರಿತರಿಗೆ ಸಾರ್ವಜನಿಕ ನೆರವಿನಲ್ಲಿ ನಾಗರಿಕರಷ್ಟೇ ಹಕ್ಕಿದೆ. ಕಾಯುವವರಿಗೆ ಸಿಗುವುದು ಕಡಿಮೆ, ಮತ್ತು ಆ ಅವಧಿಯಲ್ಲಿ ದುಡಿಯಲು ಕಾನೂನೇ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ 12 ತಿಂಗಳು ಕಾದ ಮೇಲೆ ಕೆಲಸಕ್ಕೆ ಅನುಮತಿ ಕೇಳಬಹುದು, ಅದೂ ಸರ್ಕಾರ ಪಟ್ಟಿ ಮಾಡಿದ ಕೆಲಸಗಳಿಗೆ ಮಾತ್ರ. ಯುರೋಪಿಯನ್ ಒಕ್ಕೂಟದ 2013ರ ನಿಯಮದಲ್ಲಿ ಈ ಮಿತಿ 9 ತಿಂಗಳಿತ್ತು; 2024ರ ಹೊಸ ನಿಯಮದಲ್ಲಿ 6 ತಿಂಗಳಿಗೆ ಇಳಿದಿದೆ. ಕೈ ಕಟ್ಟಿ ಕೂರಿಸಿದ ಮೇಲೆ "ಕೂತು ತಿನ್ನುತ್ತಾರೆ" ಎಂದು ದೂರುವುದು ಅನ್ಯಾಯ.

ಮಾನ್ಯತೆ ಸಿಕ್ಕ ಮೇಲೂ ಹೇಗೆ ಎಡವಟ್ಟಾಗುತ್ತದೆ ಎಂಬುದಕ್ಕೆ ಬ್ರಿಟನ್ನೇ ಉದಾಹರಣೆ. ಅಲ್ಲಿ ಬಹುಕಾಲ ನಡೆದುಬಂದ ನಿಯಮದಂತೆ, "ನಿಮ್ಮನ್ನು ನಿರಾಶ್ರಿತರೆಂದು ಒಪ್ಪಿದ್ದೇವೆ" ಎಂಬ ತೀರ್ಮಾನ ಬಂದ 28 ದಿನಕ್ಕೆ ಸರ್ಕಾರ ಕೊಟ್ಟ ವಸತಿಯೂ ಕೈಖರ್ಚಿನ ಹಣವೂ ನಿಲ್ಲುತ್ತವೆ. ಅಷ್ಟರೊಳಗೆ ಬ್ಯಾಂಕ್ ಖಾತೆ ತೆರೆಯಬೇಕು, ಭತ್ಯೆಗೆ ಅರ್ಜಿ ಹಾಕಬೇಕು, ಬಾಡಿಗೆ ಮನೆಗೆ ಮುಂಗಡ ಹೊಂದಿಸಬೇಕು. ಆದರೆ ಯೂನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆಯ ಮೊದಲ ಕಂತು ಬರಲು ಐದು ವಾರ, ಅಂದರೆ 35 ದಿನ ಬೇಕು. ತೀರ್ಮಾನ ಬಂದ ದಿನವೇ ಅರ್ಜಿ ಹಾಕಿದವನಿಗೂ ಒಂದು ವಾರ ವಸತಿ, ಹಣ ಎರಡೂ ಇಲ್ಲ. ಮುಂಗಡವಾಗಿ ಸ್ವಲ್ಪ ಕೊಡುತ್ತಾರೆ, ಆದರೆ ಅದು ಸಾಲ. ಮುಂದಿನ ಕಂತುಗಳಿಂದ ಮುರಿದುಕೊಳ್ಳುತ್ತಾರೆ. ಬೀದಿಗೆ ಬಿದ್ದವರ ಖರ್ಚು ಆಮೇಲೆ ನಗರಸಭೆಯ ತಲೆಗೆ. ಈ ಹಣವನ್ನು ಯಾರೂ "ಉಳಿತಾಯ"ದಿಂದ ಕಳೆದು ತೋರಿಸುವುದಿಲ್ಲ.

ಕಡಿತದಿಂದ ಏನಾಗುತ್ತದೆ ಎಂದು ತಿಳಿಯಲು ಡೆನ್ಮಾರ್ಕಿನ ಅನುಭವ ಸಾಕು. 2002ರ ಜುಲೈ 1ರಿಂದ, ಹಿಂದಿನ ಎಂಟು ವರ್ಷಗಳಲ್ಲಿ ಏಳು ವರ್ಷ ದೇಶದಲ್ಲಿರದವರಿಗೆ ಸಾಮಾನ್ಯ ನೆರವಿನ ಬದಲು "ಆರಂಭಿಕ ನೆರವು" ಎಂಬ ಕಡಿಮೆ ಭತ್ಯೆ ಜಾರಿಗೆ ಬಂತು. ಕೆಲವು ಕುಟುಂಬಗಳಿಗೆ ಅದು ಅರ್ಧದಷ್ಟು. ನಂತರದ ವರ್ಷಗಳನ್ನು ಹಿಂಬಾಲಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಇಷ್ಟು. ಮೊದಮೊದಲು ಕೆಲಸ ಹಿಡಿದವರು ಹೆಚ್ಚಾದರು, ಆಮೇಲೆ ಆ ವ್ಯತ್ಯಾಸ ಕರಗಿತು. ಹೆಂಗಸರಲ್ಲಿ ಹಲವರು ಉದ್ಯೋಗ ಮಾರುಕಟ್ಟೆಯಿಂದಲೇ ಹೊರಬಿದ್ದರು. ಕಳ್ಳತನ ಹೆಚ್ಚಿತು, ಅದರಲ್ಲೂ ಅಂಗಡಿಗಳಲ್ಲಿ ಸಾಮಾನು ಎತ್ತುವುದು. ಮಕ್ಕಳ ಭಾಷಾ ಪರೀಕ್ಷೆಯ ಅಂಕ ಇಳಿದವು, ಓದಿನ ವರ್ಷಗಳು ಕಡಿಮೆಯಾದವು. ಬಲಪಂಥದ ವಾದಕ್ಕೂ ಇಲ್ಲಿ ಆಧಾರವಿದೆ, ಅದನ್ನು ಮುಚ್ಚಿಡಬಾರದು: ಅದೇ ಕಡಿತದಿಂದ ಡೆನ್ಮಾರ್ಕಿಗೆ ಬರುವವರ ಸಂಖ್ಯೆ ಗಣನೀಯವಾಗಿ ಇಳಿಯಿತು ಎಂದು ಇನ್ನೊಂದು ಅಧ್ಯಯನ ತೋರಿಸಿದೆ. ಭತ್ಯೆ ನೋಡಿ ದೇಶ ಆರಿಸುವವರು ಇದ್ದಾರೆ. ಆದರೆ ಯುದ್ಧದಿಂದ ಓಡಿಬಂದವರು ಅದರಿಂದ ಊರಿಗೆ ಮರಳುವುದಿಲ್ಲ, ನೆರೆದೇಶದ ಬಾಗಿಲು ತಟ್ಟುತ್ತಾರೆ. ಎಲ್ಲ ದೇಶಗಳೂ ಕಡಿತಕ್ಕಿಳಿದರೆ ಆ ಲಾಭವೂ ಉಳಿಯುವುದಿಲ್ಲ.

ಎಷ್ಟು ಕಡಿಯಬಹುದು ಎಂಬುದಕ್ಕೂ ಮಿತಿಯಿದೆ. ಜರ್ಮನಿಯಲ್ಲಿ ಆಶ್ರಯ ಕೋರುವವರ ಭತ್ಯೆ 1993ರಿಂದ ಹೆಚ್ಚೇ ಆಗಿರಲಿಲ್ಲ: ಒಬ್ಬ ವಯಸ್ಕನಿಗೆ ತಿಂಗಳಿಗೆ ಸುಮಾರು 224 ಯೂರೋ. ಸಾಮಾನ್ಯ ನೆರವು 374 ಯೂರೋಗೆ ಏರಿತ್ತು. 2012ರ ಜುಲೈ 18ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ, ವಲಸೆ ನೀತಿಯ ನೆಪದಲ್ಲಿ ಮನುಷ್ಯನ ಘನತೆಯನ್ನು ತಗ್ಗಿಸುವಂತಿಲ್ಲ ಎಂದು ತೀರ್ಪಿತ್ತು, ಮೊತ್ತ ಸುಮಾರು 346 ಯೂರೋಗೆ ಏರಿತು. ಅಲ್ಲಿಂದೀಚೆಗೆ ಜಗಳ ಅವಧಿಯ ಮೇಲೆ ತಿರುಗಿದೆ. ಈ ಕಡಿಮೆ ಭತ್ಯೆಯಲ್ಲೇ ಕಾಯಬೇಕಾದ ಕಾಲವನ್ನು 2024ರಲ್ಲಿ 18 ತಿಂಗಳಿಂದ 36ಕ್ಕೆ ಹೆಚ್ಚಿಸಿದರು. ಹೆಚ್ಚಿಸಿದ್ದು ಸೋಷಿಯಲ್ ಡೆಮಾಕ್ರಟ್ ಚಾನ್ಸಲರ್ ಇದ್ದ ಸರ್ಕಾರ.

ಇದು ನಿಮ್ಮ ಮೂರನೆಯ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ಎಡವೂ ಒಂದಲ್ಲ, ಬಲವೂ ಒಂದಲ್ಲ. ಬಲಪಂಥದಲ್ಲಿ ಕೆಲಸಗಾರರು ಬೇಕೆನ್ನುವ ಉದ್ಯಮಿಗಳಿದ್ದಾರೆ, ನೆರವು ನಮ್ಮವರಿಗೆ ಮಾತ್ರ ಎನ್ನುವ ರಾಷ್ಟ್ರವಾದಿಗಳೂ ಇದ್ದಾರೆ. ಈ ಎರಡನೆಯ ಗುಂಪು ಕಲ್ಯಾಣ ರಾಜ್ಯವನ್ನು ವಿರೋಧಿಸುವುದಿಲ್ಲ, ಅದಕ್ಕೆ ಬೇಲಿ ಕೇಳುತ್ತದೆ. ಡೆನ್ಮಾರ್ಕಿನಲ್ಲಿ ಕಾರ್ಮಿಕರ ಮತಗಳು ಆ ಕಡೆಗೆ ಹರಿದವು. 2015ರಲ್ಲಿ ರಾಷ್ಟ್ರವಾದಿ ಡ್ಯಾನಿಷ್ ಪೀಪಲ್ಸ್ ಪಾರ್ಟಿ ಶೇ. 21.1 ಮತ ಪಡೆಯಿತು. ಹೆಚ್ಚು ತೆರಿಗೆ ಕೊಡಲು ಜನ ಒಪ್ಪುವುದು ಪರಸ್ಪರ ನಂಬಿಕೆಯಿಂದ, ಆ ನಂಬಿಕೆ ಉಳಿಯಬೇಕಾದರೆ ಬರುವವರ ಸಂಖ್ಯೆ ಹಿಡಿತದಲ್ಲಿರಬೇಕು ಎಂಬುದು ಸೋಷಿಯಲ್ ಡೆಮಾಕ್ರಟರ ನಾಯಕಿ ಮೆಟ್ಟೆ ಫ್ರೆಡರಿಕ್ಸನ್ ಅವರ ವಾದ. 2019ರಲ್ಲಿ ಅವರು ಪ್ರಧಾನಿಯಾದರು, ಪೀಪಲ್ಸ್ ಪಾರ್ಟಿ ಶೇ. 8.7ಕ್ಕೆ ಕುಸಿಯಿತು. ಗೆಲುವಿನ ಸೂತ್ರ ಸಿಕ್ಕಿತು ಎಂದು ಹಲವರು ಹೇಳಿದರು. ಸ್ವೀಡನ್ ಬೇರೆಯದೇ ಫಲಿತಾಂಶ ಕೊಟ್ಟಿತು. 2015ರಲ್ಲಿ ಸುಮಾರು 1,63,000 ಅರ್ಜಿ ಬಂದ ಮೇಲೆ ಅಲ್ಲಿನ ಎಡ ಸರ್ಕಾರವೂ ನವೆಂಬರ್‌ನಲ್ಲೇ ನಿಯಮ ಬಿಗಿ ಮಾಡಿತು, ಆದರೂ 2022ರಲ್ಲಿ ವಲಸೆ ವಿರೋಧಿ ರಾಷ್ಟ್ರವಾದಿ ಪಕ್ಷವಾದ ಸ್ವೀಡನ್ ಡೆಮಾಕ್ರಟರು ಶೇ. 20.5ಕ್ಕೆ ಏರಿದರು.

ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ಜಗಳ ನಡೆಯಬೇಕಾದದ್ದು ಭತ್ಯೆಯ ಮೊತ್ತದ ಮೇಲಲ್ಲ, ಅರ್ಜಿಗೂ ಮೊದಲ ಸಂಬಳಕ್ಕೂ ನಡುವಿನ ತಿಂಗಳುಗಳ ಮೇಲೆ. 2022ರ ಮಾರ್ಚ್ 4ರಂದು ಯುರೋಪಿಯನ್ ಒಕ್ಕೂಟ 2001ರ ತಾತ್ಕಾಲಿಕ ರಕ್ಷಣಾ ನಿರ್ದೇಶನವನ್ನು ಮೊದಲ ಬಾರಿ ಬಳಸಿ ಉಕ್ರೇನಿಯರಿಗೆ ಕಾಯುವಿಕೆಯಿಲ್ಲದೆ ವಾಸ ಮತ್ತು ಕೆಲಸದ ಹಕ್ಕು ಕೊಟ್ಟಿತು. ನೆದರ್ಲ್ಯಾಂಡ್ಸ್, ಡೆನ್ಮಾರ್ಕ್‌ಗಳಲ್ಲಿ ಅವರು ಬೇಗ ಕೆಲಸಕ್ಕೆ ಸೇರಿದರು. ಮೊದಲು ಭಾಷೆ, ಆಮೇಲೆ ಕೆಲಸ ಎಂದ ಜರ್ಮನಿಯಲ್ಲಿ ತಡವಾಯಿತು. ಅರ್ಜಿ ಬೇಗ ಇತ್ಯರ್ಥವಾಗಬೇಕು, ಹಣ ಪುರಸಭೆಗೆ ಮೊದಲೇ ತಲುಪಬೇಕು, ತಾಯಂದಿರ ಭಾಷಾ ತರಗತಿಯ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ಮೇಲ್ಮನವಿಯಲ್ಲೂ ಸೋತವರನ್ನು, ಅಪಾಯವಿಲ್ಲದ ಕಡೆ, ವಾಪಸು ಕಳಿಸಲೂಬೇಕು. ಈ ಕೊನೆಯ ಮಾತನ್ನು ಎಡದವರು ಬಾಯಿಬಿಟ್ಟು ಹೇಳುವುದಿಲ್ಲ. ಮೊದಲಿನವಕ್ಕೆ ಬಲದವರು ಹಣ ಬಿಚ್ಚುವುದಿಲ್ಲ.

ಬಡ ದೇಶಗಳಿಗೆ ಮೀಸಲಾದ ನೆರವನ್ನು ಶ್ರೀಮಂತ ದೇಶಗಳು ತಮ್ಮಲ್ಲೇ ಖರ್ಚು ಮಾಡುತ್ತವೆಯೇ ಎಂದೂ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಹೌದು. ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ನಿಯಮದಂತೆ ನಿರಾಶ್ರಿತರ ಮೊದಲ 12 ತಿಂಗಳ ಖರ್ಚನ್ನು ವಿದೇಶಿ ನೆರವಿನ ಲೆಕ್ಕಕ್ಕೆ ಬರೆಯಬಹುದು. ಬ್ರಿಟನ್ 2022ರಲ್ಲಿ ತನ್ನ ನೆರವಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಹೀಗೆ ತನ್ನ ನೆಲದಲ್ಲೇ ಖರ್ಚು ಮಾಡಿತು. ಜಗತ್ತಿನ ನಿರಾಶ್ರಿತರಲ್ಲಿ ಶೇ. 70ಕ್ಕೂ ಹೆಚ್ಚು ಜನ ಇರುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹಣ ಕಡಿಮೆಯಾದದ್ದು ಅವರ ಶಿಬಿರಗಳಿಗೆ.

– ಸಂ.